ಹೀಟರ್ ಕಾಯಿಲ್ ಸೋರಿದಾಗ: ಹಳೆಯ ಕಾರಿಗೆ ತಾತ್ಕಾಲಿಕ ಬೈಪಾಸ್ ಮಾಡುವುದು ಹೇಗೆ

ಜುಲೈ ತಿಂಗಳು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಮಳೆ ಒಂದೇ ಸಮನೆ ಸುರಿಯುತ್ತಿತ್ತು, ಗಾಜಿಗೆ ಒಳಗಿನಿಂದ ಮಂಜು ಕಟ್ಟುತ್ತಿತ್ತು. ಹೀಟರ್ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿದೆ. ಮಂಜು ಕರಗುವ ಬದಲು ಇನ್ನೂ ದಟ್ಟವಾಯಿತು. ಬಟ್ಟೆಯಲ್ಲಿ ಒರೆಸಿದರೆ ಎಣ್ಣೆ ಸವರಿದ ಹಾಗೆ ಜಿಡ್ಡು. ಮುಂದಿನ ಸೀಟಿನಲ್ಲಿದ್ದ ಅಮ್ಮ, "ಎಲ್ಲೋ ಪಾಕ ಕಾಯಿಸಿದ ವಾಸನೆ ಬರ್ತಿದೆಯಲ್ಲೋ" ಅಂದರು. ಇನ್ನೂ ಎರಡು ತಿರುವು ಇಳಿಯುವಷ್ಟರಲ್ಲಿ, "ಕಾಲಡಿ ಬೆಚ್ಚಗೆ ಒದ್ದೆಯಾಗಿದೆ ಕಣೋ" ಅಂದರು.

ಹೀಟರ್ ಕಾಯಿಲ್ ತೂತಾಗಿತ್ತು. ಘಾಟಿಯಲ್ಲೇ ಅಗಲವಾದ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆರುವವರೆಗೆ ಕಾದು, ಕುಡಿಯಲು ಇಟ್ಟುಕೊಂಡಿದ್ದ ನೀರನ್ನೆಲ್ಲ ರೇಡಿಯೇಟರಿಗೆ ಸುರಿದು ಮೆಲ್ಲಗೆ ಇಳಿದೆವು. ಕೆಳಗೆ ಒಬ್ಬ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಹೀಟರಿನ ಎರಡು ಹೋಸ್‌ಗಳನ್ನು ಬಿಚ್ಚಿ ಒಂದಕ್ಕೊಂದು ಜೋಡಿಸಿಕೊಟ್ಟರು. ಕಾಯಿಲನ್ನು ಬಿಟ್ಟು ನೀರನ್ನು ತಿರುಗಿಸುವ ಇದೇ ಬೈಪಾಸ್. ಸೋರುವುದು ನಿಂತಿತು. ಜೋಡಣೆ ಸರಿಯಾಗಿಯೇ ಇತ್ತು. ಆದರೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಯಾರೂ ಹೊರಗೆ ಬಿಡಲಿಲ್ಲ, ಬಿಡಬೇಕೆಂದು ನನಗೂ ಗೊತ್ತಿರಲಿಲ್ಲ. ಮರುದಿನ ವಾಪಸು ಘಾಟಿ ಹತ್ತುವಾಗ ಎಂಜಿನ್ ಕುದಿದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಭಾಗಕ್ಕೂ ನಡುವೆ ಸಂದಿ ಮುಚ್ಚುವ ಪದರ) ಹೋಯಿತು. ಅದಕ್ಕೆ ಆದ ಖರ್ಚಿನಲ್ಲಿ ಹೊಸ ಹೀಟರ್ ಕಾಯಿಲನ್ನೇ ಹಾಕಿಸಬಹುದಿತ್ತು.

ಅಂದಿನಿಂದ ಈ ಕೆಲಸವನ್ನು ನನ್ನ ಕಾರಿಗೂ ಸ್ನೇಹಿತರ ಕಾರುಗಳಿಗೂ ಕೈಯಾರೆ ಮಾಡಿದ್ದೇನೆ. ಹೋಸ್ ಜೋಡಿಸುವುದು ಇದರಲ್ಲಿ ಸುಲಭದ ಭಾಗ. ಗಾಳಿ ತೆಗೆಯುವುದು ಎಂಜಿನ್ನನ್ನು ಉಳಿಸುವ ಭಾಗ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಈ ಕಾಯಿಲ್ ಇರುವುದೆಲ್ಲಿ

ಹೀಟರ್ ಕೋರ್ ಎಂದು ಪುಸ್ತಕದಲ್ಲಿ ಬರೆಯುವುದನ್ನು ನಮ್ಮ ವರ್ಕ್‌ಶಾಪಿನವರು ಹೀಟರ್ ಕಾಯಿಲ್ ಅನ್ನುತ್ತಾರೆ. ಅದು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ, ಒಂದು ದಪ್ಪ ಪುಸ್ತಕದಷ್ಟಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನಲ್ಲಿ ಕಾದ ಕೂಲೆಂಟ್, ಅಂದರೆ ಎಂಜಿನ್ನನ್ನು ತಣಿಸುವ ದ್ರವ, ಒಂದು ಹೋಸಿನಲ್ಲಿ ಅದರೊಳಗೆ ಬಂದು, ಇನ್ನೊಂದು ಹೋಸಿನಲ್ಲಿ ವಾಟರ್ ಪಂಪಿನ ಕಡೆಗೆ ಮರಳುತ್ತದೆ. ಬ್ಲೋವರ್ ಆ ಬಿಸಿ ಕಾಯಿಲಿನ ಮೂಲಕ ಗಾಳಿ ಊದಿದರೆ ಅದೇ ಹೀಟರ್. ಎಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಇರುವ ತಗಡಿನ ಗೋಡೆಯನ್ನು ಬಾನೆಟ್ ಎತ್ತಿ ನೋಡಿ: ಹೆಬ್ಬೆರಳು ಗಾತ್ರದ ಎರಡು ರಬ್ಬರ್ ಹೋಸ್‌ಗಳು ಅಕ್ಕಪಕ್ಕದಲ್ಲಿ ಒಳಗೆ ಹೋಗುತ್ತವೆ. ನಮ್ಮ ಕೆಲಸವೆಲ್ಲ ಆ ಎರಡು ಹೋಸ್‌ಗಳದ್ದು. ಏಸಿಯ ಪೈಪುಗಳೂ ಅಲ್ಲೇ ಹತ್ತಿರ ಹಾದುಹೋಗುತ್ತವೆ, ಆದರೆ ಅವು ಅಲ್ಯೂಮಿನಿಯಂನವು, ನಟ್ ಬಿಗಿದಿರುತ್ತವೆ. ಅವುಗಳನ್ನು ಮುಟ್ಟಬೇಡಿ, ಒಳಗೆ ಒತ್ತಡದ ಗ್ಯಾಸ್ ಇದೆ.

ಜೆನ್, ಎಸ್ಟೀಮ್, ಸ್ಯಾಂಟ್ರೋ, ಇಂಡಿಕಾ ಕಾಲದ ಸರಳ ಕಾರುಗಳಿಗೆ ಮುಂದೆ ಹೇಳುವ ವಿಧಾನ ಹೊಂದುತ್ತದೆ. ಹಿಂದಿನ ಸೀಟಿಗೂ ಪ್ರತ್ಯೇಕ ಹೀಟರ್ ಇರುವ ದೊಡ್ಡ ಗಾಡಿಗಳಲ್ಲಿ, ಹೈಬ್ರಿಡ್‌ಗಳಲ್ಲಿ, ಕೂಲೆಂಟ್ ಹರಿವನ್ನು ಎಲೆಕ್ಟ್ರಾನಿಕ್ ವಾಲ್ವ್ ನಿಯಂತ್ರಿಸುವ ಹೊಸ ಕಾರುಗಳಲ್ಲಿ ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಸೋರುತ್ತಿರುವುದು ಅದೇನಾ?

ಕಾಲಡಿ ಒದ್ದೆಯಾದ ಕೂಡಲೇ ಹೀಟರ್ ಕಾಯಿಲ್ ಹೋಯಿತೆಂದು ತೀರ್ಮಾನಿಸುವವರು ಬಹಳ. ನಾನು ನೋಡಿದವುಗಳಲ್ಲಿ ಎಷ್ಟೋ ಸಲ ಅದು ಏಸಿಯ ನೀರು. ಏಸಿ ಓಡುವಾಗ ಗಾಳಿಯ ತೇವ ನೀರಾಗಿ ಒಂದು ಸಣ್ಣ ರಬ್ಬರ್ ಪೈಪಿನ ಮೂಲಕ ರಸ್ತೆಗೆ ತೊಟ್ಟಿಕ್ಕಬೇಕು. ಆ ಪೈಪಿಗೆ ಎಲೆ, ಧೂಳು ಕಟ್ಟಿಕೊಂಡರೆ ನೀರು ಎಡಗಡೆ ಸೀಟಿನ ಕಾರ್ಪೆಟ್ಟಿಗೇ ಇಳಿಯುತ್ತದೆ. ವೈಪರಿನ ಕೆಳಗಿನ ಸಂದಿಯಿಂದ ಮಳೆನೀರು ನುಗ್ಗುವುದೂ ಉಂಟು.

ಬಿಳಿಯ ಟಿಶ್ಯೂ ಕಾಗದವನ್ನು ಒದ್ದೆ ಜಾಗಕ್ಕೆ ಒತ್ತಿ ನೋಡಿ. ಏಸಿಯ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಬೆರಳಿನಲ್ಲಿ ತಿಕ್ಕಿದರೆ ಮಾಮೂಲಿ ನೀರಿನ ಹಾಗೇ ಇರುತ್ತದೆ. ಕೂಲೆಂಟ್ ಆದರೆ ಹಸಿರೋ ಕೆಂಪೋ ನೀಲಿಯೋ ಛಾಯೆ ಹತ್ತುತ್ತದೆ, ಬೆರಳು ಜಾರುತ್ತದೆ, ಗಂಟೆಗಟ್ಟಲೆ ಬಿಟ್ಟರೂ ಆರುವುದಿಲ್ಲ, ಸಿಹಿ ವಾಸನೆ ಬರುತ್ತದೆ. ನಾಲಿಗೆಗೆ ಮುಟ್ಟಿಸಿ ನೋಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಹಾಳುಮಾಡಬಲ್ಲದು.

ಇನ್ನೂ ಖಚಿತವಾಗಬೇಕಾದರೆ ಮೂರು ಸಂಗತಿ ಗಮನಿಸಿ. ಹೊರಗೆ ನೆಲದ ಮೇಲೆ ಕಲೆಯಿಲ್ಲದೆ ಕೂಲೆಂಟ್ ಮಟ್ಟ ದಿನೇದಿನೇ ಇಳಿಯುತ್ತಿದೆಯೇ? ಬ್ಲೋವರನ್ನು ಗಾಜಿಗೆ ತಿರುಗಿಸಿದಾಗ ಜಿಡ್ಡು ಮಂಜು ಕಟ್ಟುತ್ತದೆಯೇ? ಏಸಿಯ ನೀರು ತೊಟ್ಟಿಕ್ಕುವ ಪೈಪಿನಿಂದ ಬಣ್ಣದ ಹನಿ ಬೀಳುತ್ತಿದೆಯೇ? ಅನೇಕ ಕಾರುಗಳಲ್ಲಿ ಹೀಟರಿಗೂ ಏಸಿಗೂ ಪೆಟ್ಟಿಗೆ ಒಂದೇ, ನೀರು ಹೋಗುವ ದಾರಿಯೂ ಒಂದೇ. ಆದ್ದರಿಂದ ಈ ಮೂರನೆಯದು ಒಳ್ಳೆಯ ಸಾಕ್ಷಿ.

ಕಾಯಿಲನ್ನು ದೂರುವ ಮೊದಲು ತಗಡಿನ ಗೋಡೆಯ ಬಳಿ ಹೋಸಿನ ಕ್ಲಿಪ್ಪುಗಳನ್ನು ಟಾರ್ಚ್ ಬಿಟ್ಟು ನೋಡಿ. ಕ್ಲಿಪ್ ಸಡಿಲವಾಗಿ ಜಿನುಗಿದ ಕೂಲೆಂಟ್ ಪೈಪಿನ ಮೈಮೇಲೆ ಹರಿದು ಕಾರಿನೊಳಗೆ ಬರಬಲ್ಲದು. ಹಾಗಿದ್ದರೆ ಒಂದು ಕ್ಲಿಪ್ ಬದಲಿಸಿದರೆ ಕೆಲಸ ಮುಗಿಯಿತು. ಕಾರ್ಪೆಟ್ ಒಣಗಿದ್ದು, ಗಾಜಿಗೂ ಜಿಡ್ಡಿಲ್ಲದೆ ಕೂಲೆಂಟ್ ಮಾತ್ರ ಮಾಯವಾಗುತ್ತಿದ್ದರೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಅದು ಹೆಡ್ ಗ್ಯಾಸ್ಕೆಟ್ಟಿನ ತೊಂದರೆ. ಬೈಪಾಸ್ ಅದಕ್ಕೆ ಮದ್ದಲ್ಲ.

ಬೈಪಾಸ್ ಹೆಸರಿನಲ್ಲಿ ಮಾಡಬಾರದ್ದು

ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಪುಡಿ ನೀರಿನಲ್ಲಿ ಉಬ್ಬಿ ಸೂಜಿಮೊನೆಯಷ್ಟು ತೂತನ್ನು ಮುಚ್ಚುತ್ತದೆ ನಿಜ. ಆದರೆ ಯಾವ ತೂತು ಮುಚ್ಚಬೇಕು, ಯಾವ ಕೊಳವೆ ತೆರೆದಿರಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಹಳೆಯ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಮೊದಲೇ ಉಪ್ಪು ಕಟ್ಟಿರುತ್ತದೆ, ಅದರ ಮೇಲೆ ಅರಿಶಿನ ಕೂತರೆ ಎಂಜಿನ್ ಬಿಸಿಯಾಗುವುದು ಖಂಡಿತ. ಅಂಗಡಿಯಲ್ಲಿ ಸಿಗುವ ಲೀಕ್ ಮುಚ್ಚುವ ದ್ರವಗಳ ಬಗ್ಗೆಯೂ ನನ್ನ ಅಭಿಪ್ರಾಯ ಅದೇ. ಹೋಸ್ ಸಿಗದ ಕಾಡಿನ ನಡುವೆ ಸಿಕ್ಕಿಕೊಂಡಿದ್ದರೆ ಬೇರೆ ಮಾತು.

ಹೀಟರಿನ ಗುಂಡಿಯನ್ನು ತಣ್ಣಗಿನ ಕಡೆಗೆ ತಿರುಗಿಸಿದರೆ ಸಾಕು ಎಂದೂ ಅಂದುಕೊಳ್ಳಬೇಡಿ. ಘಾಟಿಯಲ್ಲಿ ನಾನು ಮೊದಲು ಮಾಡಿದ್ದೇ ಅದು. ಎಷ್ಟೋ ಕಾರುಗಳಲ್ಲಿ ಆ ಗುಂಡಿ ಗಾಳಿಯ ದಾರಿಯನ್ನಷ್ಟೇ ಬದಲಿಸುತ್ತದೆ, ಕೂಲೆಂಟ್ ಕಾಯಿಲಿನಲ್ಲಿ ಸದಾ ಹರಿಯುತ್ತಿರುತ್ತದೆ. ಹೋಸಿನಲ್ಲಿ ನೀರಿನ ವಾಲ್ವ್ ಇರುವ ಕಾರುಗಳಲ್ಲೂ ಅದು ಮುಚ್ಚುವುದು ಸಾಮಾನ್ಯವಾಗಿ ಒಂದು ಕಡೆಯನ್ನು ಮಾತ್ರ. ವಾಪಸಾಗುವ ಹೋಸಿನಿಂದ ಒತ್ತಡ ಬಂದೇ ಬರುತ್ತದೆ, ಸೋರಿಕೆ ಸೋರುತ್ತಲೇ ಇರುತ್ತದೆ.

ಮೂರನೆಯದು ಎರಡು ಹೋಸಿನ ಬಾಯಿಗೂ ಬೋಲ್ಟ್ ತುರುಕಿ ಕ್ಲಿಪ್ ಬಿಗಿಯುವುದು. ರಸ್ತೆ ಬದಿಯಲ್ಲಿ ಇದನ್ನು ಬಹಳ ಜನ ಮಾಡುತ್ತಾರೆ. ಇದು ಯಾಕೆ ಅಪಾಯ ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತಾನಾಗಿ ತೆರೆದು ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್, ಮುಚ್ಚಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು ತೆರೆಯಲು ಶುರುವಾಗುವುದು 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಯವರೆಗೆ ರೇಡಿಯೇಟರಿಗೆ ದಾರಿಯಿಲ್ಲ. ಆಗ ಪಂಪ್ ತಳ್ಳುವ ನೀರು ಎಂಜಿನ್ನಿನೊಳಗೆ ಸುತ್ತುತ್ತಿರಲು ಒಂದು ಒಳದಾರಿ ಬೇಕು. ಕೆಲವು ಎಂಜಿನ್‌ಗಳಲ್ಲಿ ಹೀಟರಿನ ಹೋಸ್‌ಗಳೇ ಆ ದಾರಿ. ಅದನ್ನು ಮುಚ್ಚಿದರೆ ನೀರು ನಿಂತಲ್ಲೇ ನಿಂತು, ಹೆಡ್ಡಿನ ಒಂದು ಮೂಲೆ ಕುದಿಯುತ್ತಿದ್ದರೂ ಥರ್ಮೋಸ್ಟಾಟಿಗೆ ಬಿಸಿ ತಲುಪುವುದಿಲ್ಲ. ಕೆಲವು ಕಾರುಗಳಲ್ಲಿ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿರುವ ಥ್ರಾಟಲ್ ಬಾಡಿಗೆ, ಇಂಟೇಕ್ ಮ್ಯಾನಿಫೋಲ್ಡಿಗೆ ಬಿಸಿ ನೀರು ಹೋಗುವುದೂ ಇದೇ ಸಾಲಿನಿಂದ. ನಿಮ್ಮ ಎಂಜಿನ್ ಯಾವ ಬಗೆಯದೆಂದು ಕಣ್ಣಲ್ಲಿ ನೋಡಿ ಹೇಳಲಾಗದು. ಹಾಗಾಗಿ ದಾರಿ ಮುಚ್ಚಬೇಡಿ, ತಿರುಗಿಸಿ. ಕಾಯಿಲಿಗೆ ಹೋಗುತ್ತಿದ್ದ ನೀರನ್ನು ಹಾಗೇ ವಾಪಸು ಹೋಗುವ ಹೋಸಿಗೆ ಸೇರಿಸಿದರೆ ಎಂಜಿನ್ನಿಗೆ ಏನೂ ಕೊರತೆಯಾಗುವುದಿಲ್ಲ.

ಏನೇನು ಬೇಕು

ಮೊದಲು ಹೋಸಿನ ಅಳತೆ. ಸಣ್ಣ ಕಾರುಗಳಲ್ಲಿ ಒಳ ಅಳತೆ ಹೆಚ್ಚಾಗಿ 16 ಮಿಲಿಮೀಟರ್, ಅಂದರೆ ಅಂಗಡಿಯವರ ಲೆಕ್ಕದಲ್ಲಿ 5/8 ಇಂಚು. ಕೆಲವು ಗಾಡಿಗಳಲ್ಲಿ 19 ಮಿಲಿಮೀಟರ್. ಎರಡು ಹೋಸ್‌ಗಳ ಅಳತೆ ಬೇರೆಬೇರೆ ಇರುವುದೂ ಉಂಟು. ಹಳೆಯ ಹೋಸಿನ ಒಂದು ತುಂಡನ್ನೇ ಅಂಗಡಿಗೆ ಒಯ್ದರೆ ತಪ್ಪಾಗುವುದಿಲ್ಲ. ಬೆಂಗಳೂರಿನವರಿಗೆ ಜೆಸಿ ರಸ್ತೆಯಲ್ಲಿ ಸಿಗುತ್ತದೆ, ಉಳಿದ ಊರುಗಳಲ್ಲಿ ಯಾವುದೇ ಆಟೋ ಸ್ಪೇರ್ಸ್ ಅಂಗಡಿಯಲ್ಲಿ.

ಕೇಳಬೇಕಾದ್ದು ಹೀಟರ್ ಹೋಸ್, ಒಳಗೆ ನೂಲಿನ ಹೆಣಿಗೆ ಇರುವಂಥದ್ದು. ತೋಟಕ್ಕೆ ನೀರು ಬಿಡುವ ಪೈಪ್ ಬಿಸಿಗೆ ಮೆತ್ತಗಾಗಿ ಹಿಗ್ಗಿ ಒಡೆಯುತ್ತದೆ. ಪೆಟ್ರೋಲ್ ಪೈಪಿನ ರಬ್ಬರ್ ಬೇರೆ ಜಾತಿಯದು, ಬಿಸಿ ಕೂಲೆಂಟಿಗೆ ಬಹಳ ದಿನ ಬಾಳುವುದಿಲ್ಲ. ಒಂದು ಮೀಟರ್ ಹೋಸ್, ತಿರುಪು ಇರುವ ನಾಲ್ಕು ಕ್ಲಿಪ್, ಹೋಸಿನ ಅಳತೆಯ ಒಂದು ಹಿತ್ತಾಳೆ ಜಾಯಿಂಟರ್ ತನ್ನಿ. ಪ್ಲಾಸ್ಟಿಕ್ ಜಾಯಿಂಟರ್ ಬೇಡ. ಮನೆಯಲ್ಲಿ ಇರಬೇಕಾದ್ದು ಸ್ಕ್ರೂಡ್ರೈವರ್, ಪ್ಲೇಯರ್, ಹರಿತವಾದ ಬ್ಲೇಡು, ಅಗಲ ಬಾಯಿಯ ಬೇಸಿನ್, ಆಲಿಕೆ, ಚಿಂದಿ ಬಟ್ಟೆ, ರಬ್ಬರ್ ಕೈಗವಸು, ಸೈಕಲ್ ಪಂಪು, ಕೇಬಲ್ ಟೈ.

ಕೂಲೆಂಟ್ ಎರಡು ರೀತಿ ಸಿಗುತ್ತದೆ. ನೀರು ಬೆರೆಸಿಯೇ ಬಂದದ್ದಕ್ಕೆ ಮತ್ತೆ ನೀರು ಸೇರಿಸಬೇಡಿ. ಗಟ್ಟಿ ಕೂಲೆಂಟ್ ಆದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಬಯಲುಸೀಮೆಯ ಗಡಸು ನೀರಿನ ಸುಣ್ಣದಂಶ ಪಾತ್ರೆಯ ತಳದಲ್ಲಿ ಬಿಳಿಯಾಗಿ ಕಟ್ಟುವ ಹಾಗೆಯೇ ಕಾಯಿಲಿನ ಕೊಳವೆಯಲ್ಲೂ ಕಟ್ಟುತ್ತದೆ. ಹೀಟರ್ ಕಾಯಿಲ್‌ಗಳು ಅಕಾಲದಲ್ಲಿ ಹಾಳಾಗಲು ಇಂಥ ನೀರು ಮತ್ತು ವರ್ಷಾನುಗಟ್ಟಲೆ ಬದಲಿಸದ ಕೂಲೆಂಟ್ ದೊಡ್ಡ ಕಾರಣ. ಬಣ್ಣ ನೋಡಿ ಬೆರೆಸಬೇಡಿ. ಒಂದೇ ಬಣ್ಣದ ಎರಡು ಕಂಪನಿಯ ಕೂಲೆಂಟ್ ಬೇರೆಬೇರೆ ಬಗೆಯದಾಗಿರಬಹುದು.

ಬಿಚ್ಚುವುದು, ಜೋಡಿಸುವುದು

ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಕೈ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ರೇಡಿಯೇಟರಿನ ಮುಚ್ಚಳ ಸಾಮಾನ್ಯವಾಗಿ 0.9 ಬಾರ್ ಒತ್ತಡವನ್ನು ಹಿಡಿದಿಟ್ಟಿರುತ್ತದೆ. ಆ ಒತ್ತಡದಲ್ಲಿ ಬರೀ ನೀರೂ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಬಿಸಿಯಲ್ಲಿ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಬಿದ್ದು ಒಳಗಿನ ನೀರೆಲ್ಲ ಕುದಿದು ಮುಖಕ್ಕೆ ಹಾರುತ್ತದೆ. ಒದ್ದೆ ಬಟ್ಟೆ ಹಾಕಿ ತೆಗೆಯುತ್ತೇನೆ ಎಂಬ ಧೈರ್ಯವೂ ಬೇಡ.

ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ, ಬಿಚ್ಚುವ ಮೊದಲು ಹೋಸ್‌ಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಯಾವುದು ಎಲ್ಲಿಂದ ಬರುತ್ತದೆ ಎಂಬುದನ್ನು ಎಂಜಿನ್ನಿನವರೆಗೂ ಬೆರಳಿಟ್ಟು ಹಿಂಬಾಲಿಸಿ. ರೇಡಿಯೇಟರಿನ ಕೆಳಗಿನ ಡ್ರೈನ್ ಕಾಕ್ ತಿರುಗಿಸಿ ಒಂದೂವರೆ ಎರಡು ಲೀಟರ್ ಕೂಲೆಂಟ್ ಬೇಸಿನ್ನಿಗೆ ಇಳಿಸಿಕೊಳ್ಳಿ. ಕಾಕ್ ಹಳೆಯದಾಗಿ ಗಟ್ಟಿ ಹಿಡಿದಿದ್ದರೆ ಬಲ ಹಾಕಬೇಡಿ, ಮುರಿದರೆ ಇನ್ನೊಂದು ರಿಪೇರಿ. ಹೀಟರಿನ ಹೋಸ್ ಬಿಚ್ಚುವಾಗ ಚೆಲ್ಲುವುದನ್ನು ಹಿಡಿದರೂ ಆಗುತ್ತದೆ.

ಈಗ ತಗಡಿನ ಗೋಡೆಯ ಬಳಿ ಎರಡೂ ಕ್ಲಿಪ್ ಸಡಿಲಿಸಿ ಹಿಂದಕ್ಕೆ ಸರಿಸಿ. ಹೋಸ್ ಅಂಟಿಕೊಂಡಿದ್ದರೆ ಎಳೆದಾಡುವ ಆಸೆ ಬರುತ್ತದೆ. ಕಾಯಿಲಿನಿಂದ ಹೊರಗೆ ಚಾಚಿದ ಪೈಪುಗಳು ತೆಳು ತಗಡಿನವು, ತಿರುಚಿದರೆ ಬುಡದಲ್ಲೇ ಮುರಿಯುತ್ತವೆ. ಕಾಯಿಲ್ ಹೇಗೂ ಹೋಗಿದೆ ಎಂದುಕೊಳ್ಳಬೇಡಿ. ಹಿತ್ತಾಳೆ, ತಾಮ್ರದ ಕಾಯಿಲ್ ಆದರೆ ಬೆಸುಗೆ ಹಾಕಿಸಿ ಉಳಿಸಿಕೊಳ್ಳಬಹುದು. ಬ್ಲೇಡಿನಿಂದ ಹೋಸಿನ ತುದಿಯನ್ನು ಉದ್ದಕ್ಕೆ ಒಂದಂಗುಲ ಸೀಳಿದರೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಸೀಳಿದ ಭಾಗವನ್ನು ನೇರವಾಗಿ ಕತ್ತರಿಸಿ ಬಿಸಾಡಿ. ಬಿಚ್ಚಿದ ಹೋಸಿನೊಳಗೆ ಸಣ್ಣ ತೂತಿನ ಲೋಹದ ಬಿಲ್ಲೆಯೇನಾದರೂ ಸಿಕ್ಕಿದರೆ ಅದು ಹರಿವನ್ನು ಮಿತಿಯಲ್ಲಿಡಲು ಕಂಪನಿಯವರೇ ಇಟ್ಟದ್ದು, ಹೊಸ ಜೋಡಣೆಯಲ್ಲೂ ಅದೇ ಜಾಗಕ್ಕೆ ಸೇರಿಸಿ.

ಜೋಡಿಸಲು ಎರಡು ದಾರಿ. ಎಂಜಿನ್ನಿನ ಕಡೆಯ ತುದಿಗಳಿಗೂ ಕೈ ತಲುಪುವುದಾದರೆ ಹಳೆಯ ಎರಡು ಹೋಸ್‌ಗಳನ್ನೂ ಪೂರ್ತಿ ತೆಗೆದು, ಎಂಜಿನ್ನಿನಿಂದ ನೀರು ಹೊರಬರುವ ಪೈಪಿಗೂ ವಾಪಸು ಹೋಗುವ ಪೈಪಿಗೂ ನಡುವೆ ಒಂದೇ ಹೊಸ ಹೋಸ್ ಹಾಕಿ. ನನಗೆ ಇಷ್ಟವಾದ ದಾರಿ ಇದು: ಇಡೀ ಸಾಲಿನಲ್ಲಿ ಎರಡೇ ಕೂಡುಜಾಗ, ಹಳೆಯ ರಬ್ಬರಿನ ಚಿಂತೆಯಿಲ್ಲ. ಆದರೆ ಕೆಲವು ಕಾರುಗಳಲ್ಲಿ ಆ ತುದಿಗಳು ಇಂಟೇಕ್ ಮ್ಯಾನಿಫೋಲ್ಡಿನ ಅಡಿಗೆ ಹೋಗಿ ಕೂತಿರುತ್ತವೆ. ಹಾಗಿದ್ದರೆ ಎರಡನೆಯ ದಾರಿ, ಗೋಡೆಯ ಬಳಿ ಬಿಡಿಸಿದ ತುದಿಗಳನ್ನೇ ಹಿತ್ತಾಳೆ ಜಾಯಿಂಟರಿನಿಂದ ಕೂಡಿಸುವುದು. ಹಳೆಯ ಹೋಸನ್ನು ಚಿವುಟಿ ನೋಡಿ. ಬಿರುಕು ಕಂಡರೆ, ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ, ಇಲ್ಲವೇ ಬೇಯಿಸಿದ ಹಾಗೆ ಮೆತ್ತಗಿದ್ದರೆ ಅದನ್ನು ನಂಬಬೇಡಿ.

ಎರಡು ಹೋಸ್‌ಗಳೂ ಒಂದೇ ದಿಕ್ಕಿಗೆ ಮುಖ ಮಾಡಿರುವುದರಿಂದ ಕೂಡಿಸುವಾಗ ಬಾಗು ಬರುತ್ತದೆ. ಅಂಗೈ ಅಗಲಕ್ಕಿಂತ ಕಿರಿದಾಗಿ ಬಾಗಿಸಿದರೆ ಹೋಸ್ ಮಡಚಿ ನೀರಿನ ದಾರಿ ಕಟ್ಟುತ್ತದೆ. ಜಾಗ ಸಾಲದಿದ್ದರೆ ಅಚ್ಚಿನಲ್ಲೇ ಬಾಗಿಸಿ ತಯಾರಿಸಿದ ಹೋಸ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ತಂದು ಎರಡು ಜಾಯಿಂಟರ್ ಹಾಕಿ.

ಹೋಸ್ ಪೈಪಿನ ಮೇಲೆ ಒಂದಂಗುಲವಾದರೂ ಏರಬೇಕು. ಬಿಗಿಯಾದರೆ ಸ್ವಲ್ಪ ಕೂಲೆಂಟ್ ಸವರಿ ತಳ್ಳಿ, ಆಯಿಲ್, ಗ್ರೀಸ್ ಸವರಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಕ್ಲಿಪ್ ಕೂರಬೇಕಾದ್ದು ಪೈಪಿನ ತುದಿಯ ಉಬ್ಬಿನ ಹಿಂದೆ, ಹೋಸಿನ ಅಂಚಿನಿಂದ ಸುಮಾರು 5 ಮಿಲಿಮೀಟರ್ ಒಳಗೆ. ರಬ್ಬರ್ ಕ್ಲಿಪ್ಪಿನ ಸೀಳುಗಳಿಂದ ಉಬ್ಬಿ ಹೊರಬರುವಷ್ಟು ಬಿಗಿದರೆ ಹೆಚ್ಚಾಯಿತು. ಹೊಸ ಹೋಸ್ ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ, ಬೆಲ್ಟಿನಿಂದ, ಆಕ್ಸಿಲರೇಟರ್ ಕೇಬಲಿನಿಂದ ದೂರವಿರಲಿ. ಕೇಬಲ್ ಟೈ ಸಡಿಲವಾಗಿ ಕಟ್ಟಿ. ಬಾಗಿದ ಹೋಸಿನ ನೆತ್ತಿ ರೇಡಿಯೇಟರ್ ಮುಚ್ಚಳಕ್ಕಿಂತ ಎತ್ತರಕ್ಕೆ ಹೋಗದ ಹಾಗೆ ಕೂರಿಸಿ, ಎತ್ತರದ ಜಾಗದಲ್ಲೇ ಗಾಳಿ ಹೋಗಿ ಕೂರುವುದು.

ಇನ್ನು ಕಾಯಿಲಿನೊಳಗೆ ಉಳಿದ ಕೂಲೆಂಟ್. ಅದನ್ನು ಹಾಗೇ ಬಿಟ್ಟರೆ ವಾರಗಟ್ಟಲೆ ಒಳಗೆ ತೊಟ್ಟಿಕ್ಕುತ್ತದೆ. ಒಂದು ಪೈಪಿಗೆ ಹೋಸಿನ ತುಂಡು ಸಿಕ್ಕಿಸಿ ಅದರ ತುದಿಯನ್ನು ಬೇಸಿನ್ನಿಗೆ ಬಿಡಿ, ಇನ್ನೊಂದು ಪೈಪಿನ ಬಾಯಿಗೆ ಬಟ್ಟೆ ಸುತ್ತಿ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹೊಡೆಯಿರಿ. ಬಾಯಲ್ಲಿ ಊದಬೇಡಿ. ಬರಿದಾದ ಮೇಲೆ ಎರಡೂ ಪೈಪಿಗೆ ರಬ್ಬರ್ ಮುಚ್ಚಳವೋ, ಒಂದು ತುದಿಗೆ ಬೋಲ್ಟ್ ಹಾಕಿದ ಹೋಸಿನ ತುಂಡೋ ಸಿಕ್ಕಿಸಿ. ಇಲ್ಲಿ ಬೋಲ್ಟ್ ಹಾಕಿದರೆ ತೊಂದರೆಯಿಲ್ಲ, ಒತ್ತಡವೇ ಇಲ್ಲ.

ಗಾಳಿ ತೆಗೆಯುವುದು

ಕಾರಿನ ಮುಂಭಾಗ ಎತ್ತರಕ್ಕೆ ಬರುವಂತೆ ಸಣ್ಣ ಏರಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ರೇಡಿಯೇಟರಿಗೆ ಆಲಿಕೆ ಇಟ್ಟು ಕೂಲೆಂಟನ್ನು ಎಳೆಯಾಗಿ ಸುರಿಯಿರಿ. ಅವಸರದಲ್ಲಿ ಸುರಿದರೆ ಗಾಳಿ ಮೇಲೆ ಬರಲು ದಾರಿ ಸಿಗುವುದಿಲ್ಲ. ಮಧ್ಯೆ ಮಧ್ಯೆ ರೇಡಿಯೇಟರಿನ ಮೇಲಿನ ದಪ್ಪ ಹೋಸನ್ನೂ ಹೊಸ ಹೋಸನ್ನೂ ಹಿಸುಕುತ್ತಿರಿ, ಗುಳುಗುಳು ಎಂದು ಗುಳ್ಳೆ ಏಳುತ್ತದೆ. ಎಂಜಿನ್ನಿನ ಮೇಲೆ ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಕೂಲೆಂಟ್ ಬಂದ ಮೇಲೆ ಬಿಗಿಯಿರಿ.

ಮುಚ್ಚಳ ತೆರೆದಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿ. ಮಟ್ಟ ಇಳಿಯುತ್ತದೆ, ತುಂಬಿಸಿ. ಎಂಟು ಹತ್ತು ನಿಮಿಷದ ನಂತರ ಥರ್ಮೋಸ್ಟಾಟ್ ತೆರೆದುಕೊಳ್ಳುವ ಹೊತ್ತಿಗೆ ರೇಡಿಯೇಟರಿನ ಮೇಲಿನ ಹೋಸ್ ಬಿಸಿಯಾಗತೊಡಗುತ್ತದೆ, ಮಟ್ಟ ಮತ್ತೆ ಇಳಿಯುತ್ತದೆ. ಮತ್ತೆ ತುಂಬಿಸಿ. ಈ ಹಂತದಲ್ಲಿ ಕೂಲೆಂಟ್ ಉಕ್ಕಿ ಬರಬಹುದು, ಮುಖ ದೂರ ಇಟ್ಟುಕೊಳ್ಳಿ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಪಕ್ಕದ ಬಾಟಲಿಯಲ್ಲಿ ಕೂಲೆಂಟನ್ನು ಎರಡು ಗೆರೆಗಳ ನಡುವೆ ಇಟ್ಟು, ರೇಡಿಯೇಟರ್ ಫ್ಯಾನ್ ತಾನಾಗಿ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಫ್ಯಾನ್ ತಿರುಗದೆ ಟೆಂಪರೇಚರ್ ಮುಳ್ಳು ಏರುತ್ತಿದ್ದರೆ ಕೂಡಲೇ ಆಫ್ ಮಾಡಿ, ಗಾಳಿ ಇನ್ನೂ ಉಳಿದಿರಬಹುದು. ರೇಡಿಯೇಟರಿನ ಮೇಲೆ ಮುಚ್ಚಳವೇ ಇಲ್ಲದ ಕಾರುಗಳಲ್ಲಿ ಒತ್ತಡದ ಮುಚ್ಚಳವಿರುವ ಬಾಟಲಿಯಿಂದಲೇ ಇದೆಲ್ಲ ನಡೆಯಬೇಕು.

ಕೆಲಸ ಇಲ್ಲಿಗೆ ಮುಗಿಯಿತೆಂದು ದೂರದ ಪ್ರಯಾಣ ಹೊರಡಬೇಡಿ. ಕಾರು ರಾತ್ರಿಯಿಡೀ ಆರಲಿ. ಬೆಳಿಗ್ಗೆ ಬಾಟಲಿಯನ್ನಷ್ಟೇ ನೋಡದೆ ರೇಡಿಯೇಟರಿನ ಮುಚ್ಚಳವನ್ನೇ ತೆಗೆದು ಮಟ್ಟ ನೋಡಿ. ನನ್ನ ಅನುಭವದಲ್ಲಿ ಮೊದಲ ದಿನ ಒಂದೆರಡು ಲೋಟ ಹಿಡಿಯುತ್ತದೆ. ಕ್ಲಿಪ್ಪುಗಳನ್ನೂ ಒಂದು ಸಲ ಬಿಗಿ ನೋಡಿ, ಬಿಸಿಯಾಗಿ ಆರಿದ ಮೇಲೆ ಹೊಸ ರಬ್ಬರ್ ಸ್ವಲ್ಪ ತಗ್ಗುತ್ತದೆ. ಆಮೇಲೆ ಮನೆಯ ಸುತ್ತಮುತ್ತ ನಾಲ್ಕೈದು ಕಿಲೋಮೀಟರ್ ಓಡಿಸಿ, ಮರುದಿನ ಮತ್ತೆ ನೋಡಿ. ಎರಡು ದಿನ ಮಟ್ಟ ಕದಲದಿದ್ದರೆ ನಂಬಬಹುದು.

ಟೆಂಪರೇಚರ್ ಮುಳ್ಳಿನ ಬಗ್ಗೆ ಒಂದು ಮಾತು. ಮುಳ್ಳು ಸರಿಯಾಗಿ ತೋರಿಸಬೇಕಾದರೆ ಅದರ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರಬೇಕು. ಸೆನ್ಸರಿನ ಸುತ್ತ ಗಾಳಿ ನಿಂತರೆ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೇ ಇರುತ್ತದೆ. ಆ ದಿನ ಘಾಟಿ ಹತ್ತುವಾಗ ನನ್ನ ಕಾರಿನಲ್ಲಿ ಮೊದಲು ಆದದ್ದು ಮುಳ್ಳು ಏರಿದ್ದಲ್ಲ, ಒಮ್ಮೆಲೇ ಇಳಿದದ್ದು. "ಹವೆ ತಂಪಾಗಿದೆ, ಎಂಜಿನ್ನೂ ತಣ್ಣಗಾಯಿತು" ಅಂದುಕೊಂಡೆ. ಮಧ್ಯದಲ್ಲಿ ನಿಲ್ಲುವ ಮುಳ್ಳು ಏರಿನಲ್ಲಿ ಕಾರಣವಿಲ್ಲದೆ ಕೆಳಗೆ ಬಿದ್ದರೆ ಅದೇ ಅಪಾಯದ ಗುರುತು, ನಿಲ್ಲಿಸಿ.

ಚೆಲ್ಲಿದ ಕೂಲೆಂಟ್, ನೆನೆದ ಕಾರ್ಪೆಟ್

ಸಿಹಿಯಾದ ವಾಸನೆಗೆ ನಾಯಿ, ಬೆಕ್ಕು, ಮಕ್ಕಳು ಬರುತ್ತಾರೆ. ಬೇಸಿನ್ನನ್ನು ಒಂದು ಕ್ಷಣವೂ ತೆರೆದಿಟ್ಟು ಒಳಗೆ ಹೋಗಬೇಡಿ, ನೆಲಕ್ಕೆ ಬಿದ್ದುದನ್ನು ಮಣ್ಣು ಹಾಕಿ ಬಾಚಿ ತೆಗೆಯಿರಿ, ಆಮೇಲೆ ನೀರು ಹಾಕಿ ತೊಳೆಯಿರಿ. ಚರಂಡಿಗೆ, ಬಾವಿಯ ಹತ್ತಿರ, ತೋಟಕ್ಕೆ ಸುರಿಯಬೇಡಿ. ಹಳೆಯ ಕೂಲೆಂಟನ್ನು ಕ್ಯಾನಿಗೆ ತುಂಬಿ ಮೇಲೆ ಹೆಸರು ಬರೆದು, ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಯಾರಾದರೂ ಕುಡಿದರೆಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಕಾರಿನೊಳಗೆ ಕಾರ್ಪೆಟ್ ಎತ್ತಿ ಅದರಡಿಯ ಸ್ಪಂಜನ್ನೂ ತೆಗೆಯಿರಿ. ಗ್ಲೈಕಾಲ್ ತಾನಾಗಿ ಬೇಗ ಆರುವುದಿಲ್ಲ, ಸ್ಪಂಜಿನಲ್ಲಿ ಉಳಿದರೆ ತಿಂಗಳುಗಟ್ಟಲೆ ಗಾಜಿಗೆ ಜಿಡ್ಡು ಕಟ್ಟಿಸುತ್ತದೆ, ನೆಲದ ತಗಡಿಗೆ ತುಕ್ಕನ್ನೂ ತರುತ್ತದೆ. ಎರಡು ಮೂರು ಸಲ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಕೆಲವು ಕಾರುಗಳಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಪೆಟ್ಟಿಗೆ, ವೈರಿಂಗ್ ಜಾಯಿಂಟುಗಳು ಎಡಗಡೆ ಡ್ಯಾಶ್‌ಬೋರ್ಡಿನ ಕೆಳಗೇ ಇರುತ್ತವೆ. ಅಲ್ಲಿಗೆ ತೇವ ಮುಟ್ಟಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಒಣಗಿಸಿ. ಮುಂದಿನ ಗಾಜನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ, ಒಂದೇ ಸಲಕ್ಕೆ ಜಿಡ್ಡು ಹೋಗುವುದಿಲ್ಲ.

ಹೀಟರ್ ಇಲ್ಲದ ದಿನಗಳು

ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಹೀಟರ್ ನೆನಪೇ ಆಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಅದು ಕಣ್ಣಿನಷ್ಟೇ ಮುಖ್ಯ. ಏಸಿ ಇದ್ದರೆ ಗಾಳಿಯ ತೇವ ಹೀರುವ ಕೆಲಸ ಅದು ಮಾಡುತ್ತದೆ: ಹೊರಗಿನ ಗಾಳಿ ಬರುವಂತೆ ಇಟ್ಟು, ಬ್ಲೋವರನ್ನು ಗಾಜಿಗೆ ತಿರುಗಿಸಿ. ಮೊದಲು ಒಣಗಿಸಿ ಆಮೇಲೆ ಬೆಚ್ಚಗೆ ಮಾಡಲು ಹೀಟರ್ ಇಲ್ಲದಿರುವುದರಿಂದ ಗಾಜು ತೀರಾ ತಣ್ಣಗಾಗಿ ಹೊರಗಡೆ ಮಂಜು ಕಟ್ಟುತ್ತದೆ. ಆಗ ವೈಪರ್ ಒಂದು ಸಲ ಆಡಿಸಿ, ಗಾಳಿಯನ್ನು ಸ್ವಲ್ಪ ಹೊತ್ತು ಮುಖದ ಕಡೆಗೆ ತಿರುಗಿಸಿ. ಏಸಿಯೂ ಇಲ್ಲದಿದ್ದರೆ ಎರಡೂ ಕಡೆ ಕಿಟಕಿ ಬೆರಳಗಲ ಇಳಿಸಿ ಮೆಲ್ಲಗೆ ಹೋಗಬೇಕು. ಹಾಗೆ ರಾತ್ರಿ ಹೊತ್ತು ಚಾರ್ಮಾಡಿ, ಆಗುಂಬೆ, ಶಿರಾಡಿ ಇಳಿಯಬೇಡಿ, ಬೆಳಗಾಗುವವರೆಗೆ ಕಾಯಿರಿ.

ಎಂಜಿನ್ ಬಿಸಿಯಾದಾಗ ಹೀಟರನ್ನು ಪೂರ್ತಿ ಹಾಕಿ ತಣಿಸುವ ಹಳೆಯ ಉಪಾಯವೂ ಈಗ ಇಲ್ಲ ಎಂಬುದು ನೆನಪಿರಲಿ. ಹಿಮ ಬೀಳುವ ದೇಶಗಳಲ್ಲಿರುವ ನಮ್ಮವರು ಚಳಿಗಾಲದಲ್ಲಿ ಇದನ್ನು ಮನೆ ಮುಟ್ಟುವ ಮಟ್ಟಿಗೂ ನೆಚ್ಚಬಾರದು. ಅಲ್ಲಿ ಡಿಫ್ರಾಸ್ಟರ್ ಇಲ್ಲವೆಂದರೆ ಗಾಜಿನ ಮೇಲೆ ಹೆಪ್ಪುಗಟ್ಟಿದ ಮಂಜು ಕರಗುವುದೇ ಇಲ್ಲ.

ಪೂರ್ತಿ ರಿಪೇರಿಗೆ ಹೋಗುವಾಗ

ಒಳ್ಳೆಯ ಹೋಸ್ ಹಾಕಿದ ಬೈಪಾಸ್ ತಿಂಗಳುಗಟ್ಟಲೆ ನಿಲ್ಲುತ್ತದೆ. ಆದರೆ ಮುಂದಿನ ಮಳೆಗಾಲದೊಳಗೆ ಕಾಯಿಲ್ ಬದಲಿಸಿಬಿಡಿ. ಕೆಲವು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ತೆಗೆದರೆ ಕಾಯಿಲ್ ಕೈಗೆ ಸಿಗುತ್ತದೆ, ಎಷ್ಟೋ ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ಏಸಿಯ ಗ್ಯಾಸ್ ತೆಗೆಯಬೇಕಾಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ, ಖರ್ಚು ಅಲ್ಲೇ ಏರುವುದು. ಹೊಸ ಕಾಯಿಲ್ ಹಾಕಿ ಡ್ಯಾಶ್‌ಬೋರ್ಡ್ ಮುಚ್ಚುವ ಮೊದಲು ಎಂಜಿನ್ನನ್ನು ಫ್ಯಾನ್ ತಿರುಗುವಷ್ಟು ಬಿಸಿ ಮಾಡಿ, ಎಲ್ಲೂ ಜಿನುಗುತ್ತಿಲ್ಲವೆಂದು ಕಣ್ಣಾರೆ ನೋಡಿ.

ಹೊಸ ಕಾಯಿಲೂ ಬೇಗ ಹಾಳಾಗಬಾರದೆಂದರೆ ಹಳೆಯ ಕೂಲೆಂಟನ್ನೆಲ್ಲ ತೊಳೆದು ತೆಗೆಸಿ. ಮಲ್ಟಿಮೀಟರ್ ಇದ್ದವರು ಇನ್ನೊಂದು ಪರೀಕ್ಷೆ ಮಾಡಬಹುದು: ತಣ್ಣಗಿನ ಎಂಜಿನ್ನಿಗೆ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಕಪ್ಪು ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ಕೆಂಪು ತಂತಿಯ ಮೊನೆಯನ್ನು ಲೋಹಕ್ಕೆ ತಾಗದಂತೆ ಕೂಲೆಂಟಿನಲ್ಲಿ ಅದ್ದಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಂಜಿನ್ನಿನ ಅರ್ಥ್ ತಂತಿ ಸರಿಯಿಲ್ಲದೆ ಕರೆಂಟ್ ಕೂಲೆಂಟಿನ ಮೂಲಕ ಹರಿಯುತ್ತಿರಬಹುದು, ಇಲ್ಲವೇ ಕೂಲೆಂಟೇ ಹಳತಾಗಿ ಕೆಟ್ಟಿರಬಹುದು. ಎರಡೂ ಕಾಯಿಲಿನ ಲೋಹವನ್ನು ತಿನ್ನುತ್ತವೆ. ಅರ್ಥ್ ತಂತಿಯ ತುದಿಗಳನ್ನು ಉಜ್ಜಿ ಬಿಗಿಯಿರಿ.

ಅಲ್ಲಿಯವರೆಗೆ ಬಾನೆಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿಡಿ: "ಹೀಟರ್ ಬೈಪಾಸ್ ಆಗಿದೆ", ಜೊತೆಗೆ ತಾರೀಕು, ಹಾಕಿದ ಕೂಲೆಂಟಿನ ಹೆಸರು. ನೀವಿಲ್ಲದಾಗ ಕಾರು ಸರ್ವಿಸಿಗೆ ಹೋದರೆ, ಮುಚ್ಚಿದ ಆ ಪೈಪುಗಳನ್ನು ಕಂಡ ಹುಡುಗ ಹೋಸ್ ಕಳಚಿಕೊಂಡಿದೆ ಎಂದುಕೊಂಡು ಮತ್ತೆ ಕಾಯಿಲಿಗೇ ಸಿಕ್ಕಿಸಿಬಿಡುವುದು ತಪ್ಪುತ್ತದೆ.